ತಪ್ಪು ಯಾರದ್ದು ಅಂತ ಕೇಳುವ ಊರು

‘ಬ್ಲೂ ವ್ಯಾಲೆಂಟೈನ್’ ಎಂಬ ಅಮೆರಿಕದ ಸಿನಿಮಾದ ಬಗ್ಗೆ ಪುಣೆಯ ಗೆಳೆಯರೊಡನೆ ಮಾತಿಗೆ ಕೂತರೆ ಮೊದಲು ಬರುವುದು ಕ್ಯಾಮೆರಾ. ಪ್ರೀತಿಸಿದ ದಿನಗಳನ್ನು ಫಿಲ್ಮಿನಲ್ಲಿ, ಸಂಸಾರ ಒಡೆಯುವ ದಿನಗಳನ್ನು ಡಿಜಿಟಲ್‌ನಲ್ಲಿ ತೆಗೆದದ್ದು; ನಡುವೆ ರಯಾನ್ ಗೋಸ್ಲಿಂಗ್, ಮಿಶೆಲ್ ವಿಲಿಯಮ್ಸ್ ಇಬ್ಬರನ್ನೂ ಒಂದೇ ಮನೆಯಲ್ಲಿ ಇರಿಸಿ ನಿರ್ದೇಶಕ ಡೆರೆಕ್ ಸಿಯಾನ್‌ಫ್ರಾನ್ಸ್ ಜಗಳ ಆಡಿಸಿದ್ದು. 2010ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಕಂಡಾಗಿನಿಂದ ವಿಮರ್ಶಕರ ಮೆಚ್ಚುಗೆಯೂ ಹೆಚ್ಚುಕಡಿಮೆ ಇದೇ ದಾರಿಯದು: ಹಸಿಹಸಿ ನಟನೆ, ಯಾರ ಪಕ್ಷವನ್ನೂ ವಹಿಸದ ಕತೆ. ವಿಲಿಯಮ್ಸ್‌ಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಗೋಸ್ಲಿಂಗ್‌ಗೆ ಇಲ್ಲ.

ಶಿರಸಿ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ ಕ್ಯಾಮೆರಾ ಯಾರಿಗೂ ಬೇಕಾಗಲಿಲ್ಲ. ‘ಅಂವ ಕೆಟ್ಟಂವ ಅಲ್ದ, ಆದ್ರೆ ಎಂತಾ ಮಾಡ್ತ್ನಿಲ್ಲೆ’ ಎಂದು ಚಿಕ್ಕಪ್ಪ, ಗೋಸ್ಲಿಂಗ್ ಮಾಡಿದ ಗಂಡ ಡೀನ್ ಬಗ್ಗೆ, ಅರ್ಧದಲ್ಲೇ ತೀರ್ಪು ಕೊಟ್ಟ. ಅತ್ತೆ ಬಿಡಲಿಲ್ಲ. ಮಗು ತನ್ನದಲ್ಲದಿದ್ದರೂ ಡೀನ್ ಅದನ್ನು ಎದೆಗವಚಿಕೊಂಡು ಸಾಕಿದ್ದಾನಲ್ಲ, ಅದು ಲೆಕ್ಕಕ್ಕಿಲ್ಲವೋ? ಅದಕ್ಕೆ ಮರುಪ್ರಶ್ನೆ: ಹಾಗಾದರೆ ಡಾಕ್ಟರ್ ಆಗಬೇಕೆಂದಿದ್ದ ಹೆಂಡತಿ ಸಿಂಡಿ (ವಿಲಿಯಮ್ಸ್) ನರ್ಸ್ ಆಗಿ ದುಡಿಯುತ್ತಿರುವುದು, ಗಂಡ ಬೆಳಗ್ಗೆಯೇ ಬಿಯರ್ ಹಿಡಿದು ಬಣ್ಣ ಬಳಿಯಲು ಹೋಗುವುದು ಯಾವ ಲೆಕ್ಕಕ್ಕೆ? ಯಕ್ಷಗಾನದ ತಾಳಮದ್ದಲೆ ಕೇಳಿ ಬೆಳೆದ ಜನ. ವೇಷವಿಲ್ಲ, ಕುಣಿತವಿಲ್ಲ, ಹಾಡು ಬಿಟ್ಟರೆ ಬರೀ ಅರ್ಥಗಾರಿಕೆ, ಪಾತ್ರವಾಗಿ ಕೂತು ಮಾತಿನಲ್ಲೇ ವಾದ ಹೂಡುವುದು. ಸೀತೆಯನ್ನು ಕಾಡಿಗಟ್ಟಿದ ರಾಮನೂ ಅಲ್ಲಿ ವಾದ ಮಾಡಿಯೇ ಪಾರಾಗಬೇಕು. ಸಭೆ ಒಪ್ಪದಿದ್ದರೆ ಮರುದಿನ ಅಡಿಕೆ ಮಂಡಿಯಲ್ಲೂ ಅವನ ವಿಚಾರಣೆ ಮುಂದುವರಿಯುತ್ತದೆ.

ನನಗೆ ಊರಿನ ಕ್ರಮವೇ ಹಿಡಿಸುತ್ತದೆ. ‘ಹಸಿ’ ಎಂದು ಹೊಗಳಿ ಎದ್ದುಹೋಗುವುದು ಸುಲಭ, ಅಲ್ಲಿಗೆ ಪ್ರೇಕ್ಷಕನ ಜವಾಬ್ದಾರಿ ಮುಗಿಯಿತು. ದುಡಿಮೆ, ಸಂಬಳ, ಮಗುವನ್ನು ಶಾಲೆಗೆ ಬಿಡುವವರು ಯಾರು ಎಂಬ ಕಿರಿಕಿರಿ, ಇವನ್ನೆಲ್ಲ ಜಗಲಿ ಹೆಕ್ಕಿ ಎಣಿಸುತ್ತದೆ. ನಾನು ಓದಿದ ವಿಮರ್ಶೆಗಳಲ್ಲಿ ಸಿಂಡಿಯ ತಪ್ಪಿಹೋದ ಓದಿಗೆ ಒಂದು ಸಾಲು ಸಿಕ್ಕಿದ್ದರೆ ಹೆಚ್ಚು. (ಪುಣೆಯ ಗೆಳೆಯರು ಇದನ್ನು ಹಳ್ಳಿಗರ ಪಂಚಾಯ್ತಿಕೆ ಅನ್ನುತ್ತಾರೆ. ಅನ್ನಲಿ.)

ಆದರೆ ಜಗಲಿಯೂ ಒಂದು ಕಡೆ ಎಡವಿತು. ಅಮೆರಿಕದ ರೇಟಿಂಗ್ ಮಂಡಳಿ ಎಡವಿದ್ದೂ ಅಲ್ಲೇ. ಲೈಂಗಿಕ ದೃಶ್ಯದ ಕಾರಣಕ್ಕೆ ಮಂಡಳಿ ಈ ಚಿತ್ರಕ್ಕೆ ಎನ್‌ಸಿ-17 (ಹದಿನೇಳು ಮತ್ತು ಅದಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲ) ಮುದ್ರೆ ಒತ್ತಿತು. ಹೆಣ್ಣು ಸುಖ ಪಡುವುದನ್ನು ತೋರಿಸಿದರೆ ಮಾತ್ರ ಇವರಿಗೆ ಕಷ್ಟ ಎಂದು ಗೋಸ್ಲಿಂಗ್ ಬಹಿರಂಗವಾಗಿಯೇ ಸಿಡುಕಿದ್ದ. ಮೇಲ್ಮನವಿಯ ನಂತರ, 2010ರ ಡಿಸೆಂಬರ್‌ನಲ್ಲಿ, ಕತ್ತರಿ ಬೀಳದೆಯೇ ಅದು ಆರ್ (ಹದಿನೇಳರೊಳಗಿನವರು ದೊಡ್ಡವರ ಜೊತೆ ನೋಡಬಹುದು) ಆಯಿತು. ನಮ್ಮಲ್ಲಿ ಮೇಲ್ಮನವಿಗೆ ಅವಕಾಶವೇ ಇರಲಿಲ್ಲ, ರಿಮೋಟ್ ಚಿಕ್ಕಪ್ಪನ ಕೈಯಲ್ಲಿತ್ತು. ಮೊದಲ ದಿನಗಳ ಆ ದೃಶ್ಯವೂ ಫಾಸ್ಟ್ ಫಾರ್ವರ್ಡ್‌ನಲ್ಲಿ ಓಡಿತು, ಗಂಡ ಮುಟ್ಟಿದರೆ ಸಿಂಡಿಯ ಮೈ ಸೆಟೆಯುವ ಮೋಟೆಲ್ ಕೋಣೆಯೂ ಓಡಿತು. ಎಲ್ಲ ಓಡಿಸಿಯಾದ ಮೇಲೆ ಅವನೇ ಕೇಳಿದ, ‘ಅಲ್ದಾ, ಬಿಟ್ ಹೋಪಂಥದ್ದು ಎಂತ ಆತು ಅದಕ್ಕೆ?’