ಸೈಕಲ್‌ಗೊಂದು ಪಥ, ಪಥಕ್ಕೊಂದು ಕಾರು

ಬೆಂಗಳೂರಿನಲ್ಲಿ ಸೈಕಲ್ ಪಥ ಏಕಿಲ್ಲ ಅಂತ ಯಾರನ್ನು ಬೇಕಾದರೂ ಕೇಳಿ, ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ‘ಸೈಕಲ್ ಹೊಡೆಯೋರೇ ಇಲ್ವಲ್ಲ ಸಾರ್, ಯಾರಿಗೆ ಅಂತ ಮಾಡೋದು?’ ಸರಿ, ಹೊಡೆಯೋರು ಯಾಕಿಲ್ಲ? ‘ಟ್ರ್ಯಾಕೇ ಇಲ್ದೆ ಈ ರೋಡಲ್ಲಿ ಯಾವನು ಹೊಡೀತಾನೆ ಸಾರ್, ಸಾಯೋಕಾ?’ ಎರಡೂ ಉತ್ತರ ಕೊಡುವವರು ಒಬ್ಬರೇ. ಅದೂ ಒಂದು ಬೈಟು ಕಾಫಿ ಮುಗಿಯುವುದರೊಳಗೆ.

ಹಾಗಂತ ಈ ಊರಿಗೆ ಪಥವನ್ನೇ ಕೊಟ್ಟಿಲ್ಲ ಅಂದರೆ ಸುಳ್ಳು ಹೇಳಿದ ಪಾಪ ಬರುತ್ತದೆ. 2012ರಲ್ಲೇ ಜಯನಗರದಲ್ಲಿ ಪಥ ಮಾಡಿದ್ದರು. ರಸ್ತೆ ಪಕ್ಕ ಗೆರೆ, ನಡುವೆ ಸೈಕಲ್ ಚಿತ್ರ. ಲಕ್ಷಣವಾಗಿತ್ತು. ಅಷ್ಟು ಚೆಂದದ ಜಾಗ ಖಾಲಿ ಬಿದ್ದಿದ್ದರೆ ದೃಷ್ಟಿ ಆಗುತ್ತದೆ ಅಂತ ಅಕ್ಕಪಕ್ಕದ ಮನೆಯವರು ಕಾರು ತಂದು ನಿಲ್ಲಿಸಿದರು. ಅದೂ ಎಷ್ಟು ಅಚ್ಚುಕಟ್ಟಾಗಿ! ಮುಂದಿನ ಚಕ್ರ ಸರಿಯಾಗಿ ಸೈಕಲ್ ಚಿತ್ರದ ಹ್ಯಾಂಡಲ್ ಮೇಲೆ. ಕಾರಿಗೆ ಬೂದು ಬಣ್ಣದ ಕವರ್, ಅದು ಗಾಳಿಗೆ ಹಾರದಂತೆ ಮೂಲೆಗೊಂದು ಇಟ್ಟಿಗೆ. ಭಾನುವಾರ ಬಕೆಟ್ ಹಿಡಿದು ಕಾರು ತೊಳೆಯುವಾಗ ಗೆರೆಯನ್ನೂ ಚೂರುಚೂರು ತೊಳೆದರು. ಗೆರೆ ಪೂರ್ತಿ ಹೋದ ಮೇಲೆ ತಕರಾರೂ ಇಲ್ಲ. ಯಾವ ಪಥ? ಎಲ್ಲಿದೆ ಪಥ?

2020ರಲ್ಲಿ ಕೊರೊನಾ ಬಂತು. ಬಸ್ಸಿನಲ್ಲಿ ಮೈಗೆ ಮೈ ತಾಗಿಸಿ ನಿಲ್ಲಲು ಹೆದರಿದ ಜನ ಸೈಕಲ್ ಕೊಂಡರು. ಸರ್ಕಾರಕ್ಕೂ ಹುರುಪು ಬಂದು, ಹೊರ ವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ‘ಪಾಪ್-ಅಪ್’ ಪಥ ಮಾಡಿದರು. ಪಾಪ್-ಅಪ್ ಅಂದರೆ ದಿಢೀರ್ ಅಂತ ಎದ್ದು ನಿಲ್ಲುವುದು. ನಿಂತಿತು. ಬೈಕಿನವರು ಪಥದೊಳಗೆ ನುಗ್ಗಿದರು, ಗೂಟಗಳು ಮುರಿದವು, ಆಮೇಲೆ ಮೆಟ್ರೊ ಕಾಮಗಾರಿ ಬಂತು. ಇಷ್ಟರ ನಡುವೆ ಕೇಂದ್ರ ಸರ್ಕಾರ ಸೈಕಲ್‌ಸ್ನೇಹಿ ಊರುಗಳಿಗೆ ಅಂತ ಒಂದು ಸ್ಪರ್ಧೆ ನಡೆಸಿ, 11 ನಗರಗಳನ್ನು ಆರಿಸಿ, ತಲಾ 1 ಕೋಟಿ ರೂಪಾಯಿ ಬಹುಮಾನ ಘೋಷಿಸಿತು. ಗೆದ್ದವರಲ್ಲಿ ಬೆಂಗಳೂರೂ ಇತ್ತು. ಓಡಿ ಗೆಲ್ಲುವುದು ಎಲ್ಲರಿಗೂ ಬರುತ್ತದೆ. ಟ್ರಾಫಿಕ್‌ನಲ್ಲಿ ನಿಂತಲ್ಲೇ ನಿಂತು ಗೆಲ್ಲುವುದು ನಮ್ಮ ಊರಿಗೆ ಮಾತ್ರ ಸಾಧ್ಯ.

ಇಂಥ ಊರಿನಲ್ಲೂ ಸೈಕಲ್‌ಗೆ ಜಾಗ ಕೊಡಿ, ಫುಟ್‌ಪಾತ್ ಸರಿ ಮಾಡಿ ಅಂತ ಸ್ವಂತ ಖರ್ಚಿನಲ್ಲಿ ಓಡಾಡುವ ಸ್ವಯಂಸೇವಕರಿದ್ದಾರೆ. ನಮ್ಮ ಬಡಾವಣೆಯಲ್ಲೂ ಒಂದು ತಂಡ ಇದೆ. ನಿವೃತ್ತ ಬ್ಯಾಂಕ್ ನೌಕರರೊಬ್ಬರು, ಇಬ್ಬರು ಮೂವರು ಸಾಫ್ಟ್‌ವೇರ್ ಹುಡುಗರು, ಒಬ್ಬರು ಶಾಲಾ ಟೀಚರ್. ಶನಿವಾರ ಬೆಳಿಗ್ಗೆ ಊರೆಲ್ಲ ಮಲಗಿರುವಾಗ ಇವರು ಟೇಪ್ ಹಿಡಿದು ಫುಟ್‌ಪಾತ್ ಅಳೆಯುತ್ತಾರೆ. ಅಡ್ಡಿಯಿಲ್ಲದ ಜಾಗ ಕಡಿಮೆ ಅಂದರೂ 1.8 ಮೀಟರ್ ಅಗಲ ಇರಬೇಕು ಅಂತ ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. ಹೋದ ಸಲ ಟೇಪಿನ ಒಂದು ತುದಿ ಟ್ರಾನ್ಸ್‌ಫಾರ್ಮರ್ ಬೇಲಿಗೆ, ಇನ್ನೊಂದು ತುದಿ ಯಾರದೋ ಮನೆಯ ರ‍್ಯಾಂಪಿಗೆ ತಾಗಿತು. ನಡುವೆ ಸಿಕ್ಕಿದ್ದು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಆ ಮನೆಯ ಯಜಮಾನರು ಲುಂಗಿ ಕಟ್ಟಿಕೊಳ್ಳುತ್ತಾ ಹೊರಗೆ ಬಂದರು. ‘ರೋಡ್ ವೈಡನಿಂಗಾ? ನಮ್ ಕಡೆ ಬೇಡ, ಎದುರುಗಡೆ ತಗೊಳ್ಳಿ’ ಅಂದರು.

ಸರ್ಕಾರಕ್ಕೆ ಸೈಕಲ್ ಮೇಲೆ ಸಿಟ್ಟಿದೆ ಅಂತ ಮಾತ್ರ ತಿಳಿಯಬೇಡಿ. 2006-07ರಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಶುರು ಮಾಡಿದ್ದು ಇದೇ ರಾಜ್ಯ. ಸೈಕಲ್ ಕೊಡುವುದು ನಮ್ಮ ಕೆಲಸವಾಗಿತ್ತು, ಅದನ್ನು ಎಲ್ಲಿ ಓಡಿಸುವುದು ಮಗುವಿನ ಹಣೆಬರಹ. ವರ್ಷಕ್ಕೊಮ್ಮೆ ಜೂನ್ 3 ಅಂತೂ ಬಂದೇ ಬರುತ್ತದೆ, ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆ 2018ರಲ್ಲಿ ಇದನ್ನು ಘೋಷಿಸಿದಾಗ ನಮ್ಮಲ್ಲಿನ ಸಂಭ್ರಮವೇನು ಕೇಳುತ್ತೀರಿ! ಆ ದಿನ ಬೆಳಿಗ್ಗೆ ದೊಡ್ಡವರು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಸೈಕಲ್ ಹತ್ತುತ್ತಾರೆ. ಮುಂದೆ ಎಸ್ಕಾರ್ಟ್ ಜೀಪು, ಹಿಂದೆ ಇನ್ನೋವಾಗಳ ಸಾಲು. ಒಬ್ಬರು ಸೀಟು ಹಿಡಿದುಕೊಂಡೇ ಓಡುತ್ತಾರೆ. ಫೋಟೊ ಆಯಿತು ಅಂದಾಕ್ಷಣ ಸೈಕಲ್ ಟೆಂಪೋಕ್ಕೆ, ಸಾಹೇಬರು ಇನ್ನೋವಾಕ್ಕೆ. ನಮ್ಮ ಸ್ವಯಂಸೇವಕರನ್ನು ವೇದಿಕೆಗೆ ಕರೆದು ಮೈಸೂರು ಪೇಟ, ಶಾಲು, ಜೊತೆಗೊಂದು ಸಸಿ ಕೊಡುತ್ತಾರೆ. ಶಾಲು ಹೊದ್ದು ಸೈಕಲ್ ಹತ್ತಿದರೆ ಚೈನಿಗೆ ಸಿಕ್ಕುತ್ತದೆ, ಪೇಟದ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಸಸಿ ಒಂದು ಕೈ ಹಿಡಿಯುತ್ತದೆ. ಸನ್ಮಾನ ಆದ ದಿನ ಸೈಕಲ್‌ನವರೆಲ್ಲ ಆಟೊ ಮಾಡಿಕೊಂಡು ಮನೆಗೆ ಬರಬೇಕಾಗುತ್ತದೆ.

ತಂಡದ ಬ್ಯಾಂಕಿನ ಹಿರಿಯರಿಗೆ ಕಾಗದಪತ್ರದ ಮೇಲೆ ಅಪಾರ ನಂಬಿಕೆ. ನಮ್ಮ ಏರಿಯಾಕ್ಕೆ ಅಂತ ಒಪ್ಪಿದ್ದ ಸೈಕಲ್ ಪಥ ಏನಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ರಸ್ತೆಗಿಲ್ಲದ ಅಳತೆ ಅರ್ಜಿಗಿದೆ, ಇರಲಿ. ಕಾಯ್ದೆಯ 6(3)ರ ಪ್ರಕಾರ, ಅರ್ಜಿ ತಮಗೆ ಸಂಬಂಧಪಟ್ಟಿದ್ದಲ್ಲ ಅಂತಾದರೆ ಐದು ದಿನದೊಳಗೆ ಬೇರೆ ಕಚೇರಿಗೆ ದಾಟಿಸಬೇಕು. ಈ ಒಂದು ಕಲಂ ನಮ್ಮ ಅಧಿಕಾರಿಗಳಿಗೆ ಬಾಯಿಪಾಠ. ‘ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ’ ಅಂತ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಎದುರಿಗೆ ರಾಂಗ್ ಸೈಡಿನಲ್ಲಿ ಬರುವ ಬುಲೆಟ್ ಇಲ್ಲ. ಈ ಊರಿನಲ್ಲಿ ಸೈಕಲ್‌ಗಿಂತ ಸಲೀಸಾಗಿ ಓಡಾಡುವುದು ಸೈಕಲ್ ಬಗ್ಗೆ ಹಾಕಿದ ಅರ್ಜಿ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದಾದ ಮೇಲೆ ಅದು ಓಡಾಡುವ ಊರೂ ದೊಡ್ಡದಾಗಿದೆ.

ಕೊನೆಗೆ ಎಂಜಿನಿಯರ್ ಸಾಹೇಬರು ಭೇಟಿಗೆ ಸಮಯ ಕೊಟ್ಟರು. ಒಳ್ಳೆಯ ಮನುಷ್ಯ, ಎಲ್ಲರಿಗೂ ಟೀ ತರಿಸಿದರು. ಟೀಚರಮ್ಮ ಮಾತು ಶುರು ಮಾಡಿದರು. ‘ಸಾರ್, ಅಡ್ಡಿಯಿಲ್ಲದ ಫುಟ್‌ಪಾತ್ ಜನರ ಬದುಕುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.’

‘ಹೇಳಿದೆ ಮೇಡಂ, ಪೇಪರಲ್ಲಿ ಓದ್ದೆ. ಅದು ದೆಹಲೀಲಲ್ವಾ?’

‘ಸೈಕಲ್‌ಗೆ ಜಾಗ?’

‘ಸ್ವಲ್ಪ ತಾಳ್ಮೆ ಇರ್ಲಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ಬರ್ತಾ ಇದೆಯಲ್ಲ. ಕಾರೆಲ್ಲ ಕೆಳಗೆ ಹೋಗ್ಬಿಟ್ರೆ ಮೇಲೆ ನೀವೇ ನೀವು.’

ನಮ್ಮ ಬಡಾವಣೆ ಆ ದಾರಿಯಲ್ಲೇ ಇಲ್ಲ. ಆದರೂ ಟೀ ಚೆನ್ನಾಗಿತ್ತು, ಯಾರೂ ಮಾತು ಬೆಳೆಸಲಿಲ್ಲ. ಹೊರಡುವ ಮುಂಚೆ ಸಾಹೇಬರೇ ಒಂದು ದಾರಿ ತೋರಿಸಿದರು. ‘ನೀವೇ ಒಂದು ಕೌಂಟ್ ತಗೊಂಬನ್ನಿ. ಸೈಕಲ್‌ನೋರು ಎಷ್ಟಿದಾರೆ ಅಂತ ಗೊತ್ತಾದ್ರೆ ಮೇಲಿನೋರಿಗೆ ನಾನೇ ಬರೀತೀನಿ.’

ತಂಡಕ್ಕೆ ಆನೆಬಲ ಬಂತು. ಮಾರನೇ ವಾರವೇ ಇಬ್ಬರು ಹುಡುಗರು ಹೆಲ್ಮೆಟ್ ಹಾಕಿಕೊಂಡು, ಸೈಕಲ್ ಏರಿ, ರಟ್ಟು ಪೆನ್ನು ಹಿಡಿದು, ನಸುಕಿನಲ್ಲೇ ಹೋಗಿ ಸರ್ಕಲ್‌ನಲ್ಲಿ ನಿಂತರು. ಮೊದಲು ಬಂದವನು ಪೇಪರ್ ಹಾಕುವ ಹುಡುಗ. ಆಮೇಲೆ ಹಿಂದೆ ಫ್ಲಾಸ್ಕ್, ಮುಂದೆ ಪೇಪರ್ ಲೋಟದ ಮಾಲೆ ತೂಗಿಸಿಕೊಂಡ ಟೀ ಮಾರುವವನು. ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿ ಗಾರ್ಡುಗಳು ನೀಲಿ ಯೂನಿಫಾರ್ಮಿನಲ್ಲೇ ಸಾಲಾಗಿ ಬಂದರು. ಕರಣೆ, ಮಟ್ಟಗೋಲು ಕಟ್ಟಿಕೊಂಡ ಗಾರೆಯವರು, ಸೊಪ್ಪಿನ ಮೂಟೆಯ ಅಜ್ಜ, ಒಂದೇ ಸೈಕಲ್ಲಿನಲ್ಲಿ ಇಬ್ಬಿಬ್ಬರು ಶಾಲೆ ಮಕ್ಕಳು. ಗೀಟು ಎಳೆದೂ ಎಳೆದೂ ಹಾಳೆ ತುಂಬಿತು, ಹಿಂಬದಿಯೂ ತುಂಬಿತು. ಸೈಕಲ್ ಹೊಡೆಯೋರೇ ಇಲ್ಲದ ಊರಿನ ಕಥೆ ಇದು.

ಹಾಳೆ ನೋಡಿದ ಸಾಹೇಬರ ಮುಖ ಸಪ್ಪಗಾಯಿತು. ‘ಏನ್ರೀ ಇದು, ವಾಚ್‌ಮನ್, ಸೊಪ್ಪಿನವನು ಎಲ್ಲ ಬರ್ಕೊಂಡಿದೀರಾ? ಇವ್ರೆಲ್ಲ ಸೈಕ್ಲಿಸ್ಟ್‌ಗಳಾ?’

‘ಸೈಕಲ್ ಹೊಡೀತಾರಲ್ಲ ಸಾರ್.’

‘ಹೊಡೀತಾರೆ, ಇಲ್ಲ ಅಂದ್ನಾ? ಬೇರೆ ಗತಿ ಇಲ್ದೆ ಹೊಡೀತಾರೆ. ನಾಳೆ ಕೈಗೆ ನಾಲ್ಕು ಕಾಸು ಬಂದ್ರೆ ಅವರೂ ಗಾಡಿ ತಗೋತಾರೆ. ಅವ್ರನ್ನ ನಂಬ್ಕೊಂಡು ಟ್ರ್ಯಾಕ್ ಮಾಡೋಕಾಗತ್ತೇನ್ರೀ? ಹೆಲ್ಮೆಟ್ ಹಾಕ್ಕೊಂಡು, ನೀಟಾಗಿ, ಆಫೀಸಿಗೆ ಅಂತ ಹೊರಟೋರು ಎಷ್ಟು ಜನ, ಅದು ಹೇಳಿ.’

ಹದಿನೈದು ದಿನದ ಮೇಲೆ ಸಭೆಯ ನಡಾವಳಿ ಕೈಗೆ ಬಂತು. ‘ಸದರಿ ವೃತ್ತದಲ್ಲಿ ಪರಿಶೀಲಿಸಲಾಗಿ, ಹೆಲ್ಮೆಟ್ ಧರಿಸಿದ ಇಬ್ಬರು ಸೈಕಲ್ ಸವಾರರು ಮಾತ್ರ ಕಂಡುಬಂದಿರುತ್ತಾರೆ. ಆದ್ದರಿಂದ ಪ್ರತ್ಯೇಕ ಪಥದ ಅಗತ್ಯ ಇರುವುದಿಲ್ಲ.’

ಆ ಇಬ್ಬರು, ಎಣಿಸಲು ಹೋಗಿದ್ದ ನಮ್ಮ ಹುಡುಗರು.