ನುಸಿ ಔಷಧಿಯನ್ನು ರೈತನೇ ಹೊಡೆದು ಪರೀಕ್ಷಿಸಬೇಕೇ?

ಪರ

ಚಿಕ್ಕಬಳ್ಳಾಪುರದ ಗುಲಾಬಿ ತೋಟಗಳಲ್ಲಿ ಬಿಸಿಲು ಏರಿತೆಂದರೆ ನುಸಿ ಕಾಟ ಶುರು. ಎಲೆ ಮೇಲೆ ಸಣ್ಣ ಬಿಳಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ. ಅಂಗಡಿಯವರು ಕೊಟ್ಟ ಔಷಧಿಯನ್ನು ತಂದು ಇಡೀ ತೋಟಕ್ಕೆ ಹೊಡೆಯುತ್ತೇವೆ. ಮೊದಲು ನಾಲ್ಕು ಸಾಲಿಗೆ ಹೊಡೆಯಿರಿ, ನಾಲ್ಕು ಸಾಲು ಸುಮ್ನೆ ಬಿಡಿ ಅನ್ನುತ್ತೇನೆ ನಾನು.

ಎರಡೂ ಕಡೆ ನುಸಿ ಎಷ್ಟಿದೆ ಅಂತ ನೋಡುವುದು ಕಷ್ಟವಲ್ಲ. ಬಿಳಿ ಹಾಳೆಯ ಮೇಲೆ ಎಲೆ ತಟ್ಟಿ. ಉದುರಿದ ಧೂಳಿನಲ್ಲಿ ಕೆಲವು ಕಣ ನಿಧಾನಕ್ಕೆ ನಡೆಯತೊಡಗುತ್ತವೆ. ಅದೇ ನುಸಿ. ಭೂತಗನ್ನಡಿ ಹಿಡಿದರೆ ಎಂಟು ಕಾಲೂ ಕಾಣುತ್ತವೆ. ಇದು ಜೇಡದ ಬಳಗ. ಹುಳುವಿನ ಔಷಧಿ ಎಷ್ಟೋ ಸಲ ಇದಕ್ಕೆ ನಾಟುವುದೇ ಇಲ್ಲ. ಸೈಪರ್‌ಮೆಥ್ರಿನ್ ತರಹದ್ದು ಹೊಡೆದರೆ ನುಸಿಯನ್ನು ತಿನ್ನುವ ಒಳ್ಳೆ ನುಸಿಗಳು ಸತ್ತು ಕಾಟ ಇನ್ನೂ ಜಾಸ್ತಿಯಾಗುತ್ತದೆ. ಅದು ನಾಲ್ಕು ಸಾಲಿನಲ್ಲೇ ಗೊತ್ತಾಗಲಿ ಅಲ್ವಾ?

ಬೇರೆ ಕಡೆಯ ಲೆಕ್ಕ ನಮಗೆ ಹೊಂದುವುದಿಲ್ಲ. ಹಿಮಾಚಲದ ಸೇಬಿನ ತೋಟಗಳಲ್ಲಿ ಕೆಂಪು ನುಸಿಯ ಮೊಟ್ಟೆ ಚಳಿಗಾಲವಿಡೀ ಕೊಂಬೆಗೆ ಅಂಟಿಕೊಂಡಿರುತ್ತದೆ. ಚಿಗುರೊಡೆಯುವ ಹೊತ್ತಿಗೆ ಎಣ್ಣೆ ಸಿಂಪಡಿಸಿ ಅದರ ಉಸಿರು ಕಟ್ಟಿಸುತ್ತಾರೆ. ನಮ್ಮಲ್ಲಿ ಆ ಬಿಡುವೆಲ್ಲಿ? ವರ್ಷವಿಡೀ ಎಲೆ, ವರ್ಷವಿಡೀ ನುಸಿ.

ವಿರೋಧ

ಇಪ್ಪತ್ತು ಗುಂಟೆ ಗುಲಾಬಿ ಇಟ್ಟವರಿಗೆ ಆ ನಾಲ್ಕು ಸಾಲಿನ ಹೂವೇ ವಾರದ ಮನೆ ಖರ್ಚು. ಬಿಸಿಲಿನಲ್ಲಿ ನುಸಿ ಮೊಟ್ಟೆಯಿಂದ ಹೊರಬಂದು ಬೆಳೆಯಲು ವಾರ, ಹತ್ತು ದಿನ ಸಾಕು. ಬಿಟ್ಟ ಸಾಲಿನಿಂದ ಗಾಳಿಯಲ್ಲಿ, ಹೂ ಬಿಡಿಸುವವರ ಬಟ್ಟೆಯಲ್ಲಿ, ಹೊಡೆದ ಸಾಲಿಗೂ ದಾಟುತ್ತದೆ. ಆಮೇಲೆ ಯಾವ ಸಾಲಿನ ಲೆಕ್ಕ ನಂಬೋಣ?

ತಪ್ಪು ಲೆಕ್ಕದ ಭಯ ನನಗೆ ಇನ್ನೂ ದೊಡ್ಡದು. ಹೆಕ್ಸಿಥಿಯಾಜಾಕ್ಸ್ ಅನ್ನುವ ನುಸಿ ಔಷಧಿ ಮೊಟ್ಟೆ, ಮರಿಗಳನ್ನು ಕೊಲ್ಲುತ್ತದೆ. ದೊಡ್ಡ ನುಸಿ ಓಡಾಡಿಕೊಂಡೇ ಇರುತ್ತದೆ. ಮೂರನೇ ದಿನ ಹಾಳೆ ಮೇಲೆ ತಟ್ಟಿ ನೋಡಿದವರು "ಇದು ಕೆಲಸ ಮಾಡಲಿಲ್ಲ" ಅಂತ ಡೋಸ್ ಏರಿಸುತ್ತಾರೆ, ಇಲ್ಲವೇ ಇನ್ನೊಂದನ್ನು ಕಲೆಸುತ್ತಾರೆ. ನಮ್ಮ ಭಾವನವರು ಹೀಗೇ ಎರಡು ಔಷಧಿ ಕಲೆಸಿ "ನೋಡೇ ಬಿಡೋಣ" ಅಂತ ಹೊಡೆದರು. ಮೂಗಿಗೆ ಒಂದು ಟವೆಲ್ ಕೂಡ ಕಟ್ಟಿರಲಿಲ್ಲ. ಸಂಜೆ ತಲೆಸುತ್ತು, ವಾಂತಿ. ಮೂರು ದಿನ ಮಲಗಿದ್ದರು. ಎಲೆಯಂಚು ಸುಟ್ಟ ಕಾಗದದಂತೆ ಮುರುಟಿತು. ನುಸಿ ಮಾತ್ರ ಹಾಗೇ ಇತ್ತು.

ಪರೀಕ್ಷೆ ಬೇಡ ಅಂತಲ್ಲ. ಕಲಿತವರು, ನಷ್ಟ ತಡೆಯಬಲ್ಲವರು ಮಾಡಲಿ. ಚಿಂತಾಮಣಿ ತಾಲ್ಲೂಕಿನ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿ ನಮ್ಮ ಗುಲಾಬಿ ಮೇಲೆ, ನಮ್ಮ ಬಿಸಿಲಿನಲ್ಲೇ ಹೊಡೆದು ನೋಡಲಿ. ಯಾವುದು, ಎಷ್ಟು, ಎಷ್ಟು ದಿನ ಬಿಟ್ಟು ಅಂತ ಫೆಬ್ರವರಿಯೊಳಗೆ ಊರೂರಿಗೆ ಬಂದು ಹೇಳಲಿ.