ಒಂದು ಕೆಬಿಯ ಕರ್ಣ

ಮಾವನ ಪೆನ್‌ಡ್ರೈವ್‌ನಲ್ಲಿ 28 ಜಿಬಿ ಯಕ್ಷಗಾನ ಇತ್ತು. ಅವರ ಆಸ್ತಿಯಲ್ಲಿ ಅರ್ಧ ಅದು, ಇನ್ನರ್ಧ ಅಡಿಕೆ ತೋಟ. ತೋಟದ ಕಾಗದಪತ್ರ ಕಪಾಟಿನಲ್ಲಿ ಇರುತ್ತದೆ. ಪೆನ್‌ಡ್ರೈವ್ ಮಾತ್ರ ಅಂಗಿಯ ಕಿಸೆಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ. ಮಾವನಿಗೆ ಯಕ್ಷಗಾನ ಬಿಟ್ಟು ಬೇರೆ ಹಾಡೇ ಇಲ್ಲ. ಬಸ್ಸಿನಲ್ಲಿ ಸಿನೆಮಾ ಹಾಡು ಹಾಕಿದರೆ ಡ್ರೈವರನ ಹತ್ತಿರ ಹೋಗಿ ನಿಲ್ಲಿಸಲು ಹೇಳುವ ಜನ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಇದೆಲ್ಲ ಕೇಳಿಸಬಾರದು ಎನ್ನುವುದು ಅವರ ವಾದ.

ಆ ಪೆನ್‌ಡ್ರೈವನ್ನು ಕಳೆದ ವರ್ಷ, ಅಂದರೆ 2025ರ ಜುಲೈಯಲ್ಲಿ, ನಾನು ಒಂದು ಮಧ್ಯಾಹ್ನದ ಮಟ್ಟಿಗೆ ಎರವಲು ಪಡೆದೆ. ಮನೆಯ ಪ್ರಿಂಟರ್ ಮಳೆಗೆ ಶೀತ ಹಿಡಿದು ಮಲಗಿತ್ತು. ಶಾಲೆಯ ಪಿಟಿಎ ಮೀಟಿಂಗಿನ ನೋಟಿಸು ಮರುದಿನವೇ ಬೇಕಿತ್ತು. ಪೇಟೆಯ ಪ್ರಿಂಟ್ ಅಂಗಡಿಗೆ ಹೋದೆ. ಅಲ್ಲಿನ ಕಂಪ್ಯೂಟರಿಗೆ ದಿನಕ್ಕೆ ಎಷ್ಟು ಪೆನ್‌ಡ್ರೈವ್ ಚುಚ್ಚುತ್ತಾರೋ ದೇವರಿಗೇ ಗೊತ್ತು. ಜಾತ್ರೆಯಲ್ಲಿ ಊರಿನವರೆಲ್ಲ ಒಂದೇ ಲೋಟದಲ್ಲಿ ಶರಬತ್ತು ಕುಡಿದ ಹಾಗೆ. ಮೂರು ಪ್ರಿಂಟಿಗೆ ಹದಿನೈದು ರೂಪಾಯಿ ಕೊಟ್ಟೆ. ಚಿಲ್ಲರೆಯ ಜೊತೆ ಇನ್ನೂ ಏನೋ ಕೊಟ್ಟಿದ್ದಾರೆ ಎಂದು ಆಗ ಗೊತ್ತಾಗಲಿಲ್ಲ.

ಸಂಜೆ ಮಾವ ಕಂಪ್ಯೂಟರಿನ ಮುಂದೆ ಕೂತವರು ಕೂಗಿದರು.

"ಎಂತದು ಇದು? ತೆಂಕುತಿಟ್ಟು ಒಂದು ಕೆಬಿ. ತಾಳಮದ್ದಳೆ ಒಂದು ಕೆಬಿ. ಕರ್ಣನೂ ಒಂದೇ ಕೆಬಿ!"

ಹೋಗಿ ನೋಡಿದೆ. ಪ್ರತಿ ಫೋಲ್ಡರಿನ ಮೂಲೆಯಲ್ಲೂ ಒಂದು ಪುಟ್ಟ ಬಾಣ. "ಓ, ಎಲ್ಲ ಶಾರ್ಟ್‌ಕಟ್ ಆಗಿದೆ ಮಾವ" ಎಂದೆ. ಹಾಗೆ ಹೇಳಬಾರದಿತ್ತು.

"ರಾತ್ರಿ ಇಡೀ ಆಗುತ್ತಿದ್ದ ಆಟವನ್ನು ಕಾಲಮಿತಿ ಅಂತ ಮೂರು ಗಂಟೆಗೆ ಇಳಿಸಿದರು. ಅದನ್ನೂ ಸಹಿಸಿಕೊಂಡೆ. ಈಗ ಶಾರ್ಟ್‌ಕಟ್ಟಾ?"

ತಮಾಷೆ ಏನೆಂದರೆ, ಬಾಣವನ್ನು ಎರಡು ಸಲ ಒತ್ತಿದರೆ ಒಳಗಿನ ಪದ್ಯಗಳೆಲ್ಲ ಸರಿಯಾಗಿಯೇ ತೆರೆಯುತ್ತಿದ್ದವು. ಹಾಗಾಗಿ ಇಬ್ಬರೂ ಸಮಾಧಾನ ಮಾಡಿಕೊಂಡು ಊಟಕ್ಕೆ ಎದ್ದೆವು. ಆ ವೈರಸ್ಸಿನ ಕುತಂತ್ರವೇ ಅದು ಎಂದು ಆಮೇಲೆ ತಿಳಿಯಿತು. ಅದು ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಮುಂದೆ ನಿಲ್ಲಿಸುತ್ತದೆ. ನಾವು ಒತ್ತಿದಾಗ ಮೊದಲು ಕಳ್ಳ ಒಳಗೆ ಹೋಗುತ್ತಾನೆ, ಆಮೇಲೆ ನಮ್ಮ ಫೋಲ್ಡರ್ ತೆರೆಯುತ್ತದೆ. ನಾವು ಎಲ್ಲ ಸರಿ ಇದೆ ಎಂದುಕೊಂಡು ಮತ್ತೊಂದು ಪೆನ್‌ಡ್ರೈವ್ ಚುಚ್ಚುತ್ತೇವೆ. ನಾನಂತೂ ಎರಡು ಚುಚ್ಚಿದೆ. ಮೂರನೇ ದಿನ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಅಂಕಪಟ್ಟಿಗೂ ಬಾಣ ಬಂದಿತ್ತು.

ಇನ್ನು ಮದ್ದು ಹುಡುಕಲೇಬೇಕಾಯಿತು. ಫ್ರೀ ಆಂಟಿವೈರಸ್ ಎಂದು ಬರೆದು ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದದ್ದು ಜಾಹೀರಾತು ಎಂದು ನೋಡುವಷ್ಟು ತಾಳ್ಮೆ ಯಾರಿಗಿದೆ? ದೊಡ್ಡ ಹಸಿರು ಬಟನ್ ಇತ್ತು, ಒತ್ತಿದೆ. ನೆಕ್ಸ್ಟ್ ಕೇಳಿತು, ಒತ್ತಿದೆ. ಅಲೌ ಕೇಳಿತು, ಅದನ್ನೂ ಒತ್ತಿದೆ. ಮದುವೆ ಊಟದಲ್ಲಿ ಬಡಿಸುವವನು ಬಂದಾಗಲೆಲ್ಲ ಹೂಂ ಎನ್ನುವುದಿಲ್ವಾ, ಹಾಗೆ. ಹತ್ತು ನಿಮಿಷದಲ್ಲಿ ಕಂಪ್ಯೂಟರಿಗೆ ಹೊಸ ಸರ್ಚ್ ಪುಟ ಬಂದಿತ್ತು. ನಾನು ಕೇಳದ ಹವಾಮಾನ ವರದಿ ಬಂದಿತ್ತು. ವೇಗ ಹೆಚ್ಚಿಸುತ್ತೇನೆ ಎನ್ನುವ ಒಂದು ಸಾಫ್ಟ್‌ವೇರ್ ತಾನಾಗಿ ಎದ್ದು 1,312 ಸಮಸ್ಯೆಗಳನ್ನು ಕಂಡುಹಿಡಿದಿತ್ತು. ಕಂಡುಹಿಡಿಯಲು ದುಡ್ಡಿಲ್ಲ, ಸರಿಮಾಡಲು 1,499 ರೂಪಾಯಿ. ಜ್ಯೋತಿಷ್ಯದ ಪ್ರಶ್ನೆ ಇಟ್ಟವನೇ ಪರಿಹಾರದ ಸಾಮಾನಿನ ಅಂಗಡಿಯನ್ನೂ ಇಟ್ಟ ಹಾಗೆ ಎಂದರು ಮಾವ.

ಅಲೌ ಒತ್ತಿದ್ದರ ಫಲ ಮರುದಿನ ಬಂತು. ಪರದೆಯ ಬಲಮೂಲೆಯಲ್ಲಿ ನಿಮಿಷಕ್ಕೊಂದು ಎಚ್ಚರಿಕೆ. ಅದರಲ್ಲಿ ಒಂದನ್ನು ಮಾವ ಕುತೂಹಲಕ್ಕೆ ಒತ್ತಿದರು. ಪರದೆ ಇಡೀ ಕೆಂಪಾಯಿತು. ಸೈರನ್ ಕೂಗಿತು. ಒಬ್ಬಳು ಇಂಗ್ಲಿಷಿನಲ್ಲಿ, ಕಂಪ್ಯೂಟರ್ ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂದು ಅರಚತೊಡಗಿದಳು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಮಾವ ಫೋನ್ ಮಾಡಿಯೂ ಆಗಿತ್ತು.

ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣ ಮಾಡುವವರೆಲ್ಲ ಹೇಳುತ್ತಾರೆ. ಮಾವನಿಗೆ ಅದರಲ್ಲಿ ನಾಲ್ಕು ಸಲೀಸಾಗಿ ಬರುತ್ತದೆ: ಕನ್ನಡ, ತುಳು, ಮಲಯಾಳ, ಕೊಂಕಣಿ. ಆ ಕಡೆಯವನಿಗೆ ಬರುತ್ತಿದ್ದದ್ದು ಹಿಂದಿ ಮತ್ತು ಅರ್ಧ ಇಂಗ್ಲಿಷ್. ಮಾವ ನಾಲ್ಕನ್ನೂ ಪ್ರಯೋಗಿಸಿ ಸೋತು ಫೋನನ್ನು ನನಗೆ ಕೊಟ್ಟರು. ಅವನು ತುಂಬ ಮರ್ಯಾದೆಯಿಂದ ಮೇಡಂ, ಮೇಡಂ ಎನ್ನುತ್ತಾ ವಿಂಡೋಸ್ ಕೀಯ ಜೊತೆ ಆರ್ ಒತ್ತಲು ಹೇಳಿದ. ಏನೋ ಟೈಪ್ ಮಾಡಿಸಿದ. ಈವೆಂಟ್ ವ್ಯೂವರ್ ತೆರೆಯಿತು. ಸಾಲು ಸಾಲು ಕೆಂಪು ಗುರುತು. "ನೋಡಿದಿರಾ ಮೇಡಂ, ಎಲ್ಲ ವೈರಸ್." ನನ್ನ ಕೈ ತಣ್ಣಗಾಯಿತು. ಯಾವ ಕಂಪ್ಯೂಟರಿನಲ್ಲಿ ಅದನ್ನು ತೆರೆದರೂ ಕೆಂಪು ಗುರುತು ಇದ್ದೇ ಇರುತ್ತದೆ, ಅದು ವಿಂಡೋಸಿನ ದಿನಚರಿ ಅಷ್ಟೇ ಎಂದು ಆಗ ಯಾರು ಹೇಳಬೇಕು?

ಆಮೇಲೆ ಅವನು ದೂರದಿಂದಲೇ ಕಂಪ್ಯೂಟರ್ ನೋಡುವ ಒಂದು ಆಪ್ ಹಾಕಿಸಿದ. ಪರದೆಯ ಮೇಲೆ ಒಂಬತ್ತು ಅಂಕಿ ಬಂತು. "ಓದಿ ಮೇಡಂ." ನಾನು ನಾಲ್ಕು ಅಂಕಿ ಓದಿದೆ. ಆಗ ಕರೆಂಟ್ ಹೋಯಿತು.

ತೋಟದ ಆಚೆ ಗೇರುಮರ ತಂತಿಯ ಮೇಲೆ ಬಿದ್ದಿತ್ತು. ಯುಪಿಎಸ್ ಸತ್ತು ಎರಡು ವರ್ಷ. ಫೋನಿನಲ್ಲಿ ಅವನು ಇನ್ನೂ "ಮೇಡಂ, ಬಾಕಿ ಐದು ಅಂಕಿ" ಎನ್ನುತ್ತಿದ್ದ. ಮಾವ ಫೋನ್ ಕಿತ್ತುಕೊಂಡು, ಕರೆಂಟ್ ಇಲ್ಲ, ನಾಡಿದ್ದು ಬಂದರೂ ಬಂತು ಎಂದು ಮಲಯಾಳದಲ್ಲಿ ಹೇಳಿದರು. ಅದು ಹೇಗೋ ಅವನಿಗೆ ಅರ್ಥವಾಯಿತು. ಫೋನ್ ಇಟ್ಟ. ಮಳೆಗಾಲದ ಕರೆಂಟನ್ನು ಮೂವತ್ತು ವರ್ಷದಿಂದ ಬೈಯುತ್ತಾ ಬಂದ ನಾನು ಅವತ್ತು ಸುಮ್ಮನೆ ಮೇಣದಬತ್ತಿ ಹಚ್ಚಿದೆ.

ಕರೆಂಟ್ ಬಂದ ಮೇಲೆ ಭಯಕ್ಕೆ ಎರಡು ಆಂಟಿವೈರಸ್ ಹಾಕಿದೆ. ಒಂದು ಉಚಿತ, ಇನ್ನೊಂದು 30 ದಿನದ ಟ್ರಯಲ್. ಒಂದಕ್ಕಿಂತ ಎರಡು ಒಳ್ಳೆಯದು ಅಲ್ವಾ? ಅಲ್ಲ. ಒಂದೇ ರಂಗಸ್ಥಳದಲ್ಲಿ ಇಬ್ಬರು ಭಾಗವತರನ್ನು ಕೂರಿಸಿದ ಹಾಗಾಯಿತು. ನಾನು ಒಂದು ಫೈಲ್ ತೆರೆದರೆ ಇಬ್ಬರೂ ಅದನ್ನು ಮೊದಲು ತಾವೇ ನೋಡಬೇಕೆಂದು ಹಿಡಿದು ಎಳೆಯುತ್ತಿದ್ದರು. ಕಂಪ್ಯೂಟರ್ ಎದ್ದು ನಿಲ್ಲಲು ಇಪ್ಪತ್ತು ನಿಮಿಷ. ಅದರ ಫ್ಯಾನ್ ಅಡಿಕೆ ಸುಲಿಯುವ ಮಿಷನ್ನಿನ ಹಾಗೆ ಕೂಗುತ್ತಿತ್ತು. ಇಷ್ಟಾದರೂ ಕರ್ಣ ಒಂದೇ ಕೆಬಿ.

ಕೊನೆಗೆ ಬಂದವನು ನಮ್ಮ ತೋಟಕ್ಕೆ ಮದ್ದು ಬಿಡುವ ಹುಡುಗ. ಅವನದ್ದು ಪಾಲಿಟೆಕ್ನಿಕ್ ಡಿಪ್ಲೊಮಾ. ಮಾವನ ಪೆನ್‌ಡ್ರೈವ್ ತುಂಬಿಸಿ ಕೊಟ್ಟದ್ದೂ ಅವನೇ. ಮಳೆ ಬಿಟ್ಟರೆ ಮರ ಹತ್ತುತ್ತಾನೆ, ಮಳೆ ಬಂದರೆ ಊರಿನ ಕಂಪ್ಯೂಟರ್ ರಿಪೇರಿ. ಅವತ್ತು ಜೋರು ಮಳೆ. ಮೈಲುತುತ್ತು ಹಿಡಿದ ನೀಲಿ ಉಗುರುಗಳಿಂದ ಕೀಬೋರ್ಡ್ ಕುಟ್ಟಲು ಶುರುಮಾಡಿದ.

ಎಲ್ಲಕ್ಕಿಂತ ಮೊದಲು ನೆಟ್ಟಿನ ವಯರ್ ಎಳೆದು ಹಾಕಿದ. ಫೋನಿನವನು ಹಾಕಿಸಿದ ಆಪ್ ತೆಗೆದ. ಎರಡು ಆಂಟಿವೈರಸ್ಸನ್ನೂ ಕಳಿಸಿದ. ಅವು ಸುಲಭಕ್ಕೆ ಹೋಗುವ ಪೈಕಿಯಲ್ಲ. ನಿಜವಾಗಿಯೂ ತೆಗೆಯುತ್ತೀರಾ, ಯೋಚಿಸಿದಿರಾ ಎಂದು ನೆಂಟರ ಹಾಗೆ ಹೊಸ್ತಿಲಲ್ಲಿ ನಿಂತು ಮಾತಾಡಿದವು. ಆಮೇಲೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ವಿಂಡೋಸ್ ಬೇಕಾದಷ್ಟೇ ಏಳುವ ಸೇಫ್ ಮೋಡ್‌ಗೆ ಹೋದ.

"ಹಾಗಾದರೆ ಇಷ್ಟು ದಿನ ಯಾವ ಮೋಡಿನಲ್ಲಿತ್ತು?" ಎಂದರು ಮಾವ.

ಬ್ರೌಸರಿನಲ್ಲಿ ನಾನು ಅಲೌ ಕೊಟ್ಟ ಜಾಗಗಳನ್ನೆಲ್ಲ ಹುಡುಕಿ ಅಳಿಸಿದ. ಸೈರನ್ ಬರುತ್ತಿದ್ದ ಬಾಗಿಲು ಅದೇ. ಅಂಥ ಕೆಂಪು ಪರದೆಯಲ್ಲಿ ಫೋನ್ ನಂಬರ್ ಇದ್ದರೆ ಅಲ್ಲೇ ಗೊತ್ತು ಮಾಡಿಕೊಳ್ಳಬೇಕಂತೆ, ಮೈಕ್ರೋಸಾಫ್ಟಿನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು ಎಂದ.

"ನಂಬರ್ ಕೊಟ್ಟವರೆಲ್ಲ ಕಳ್ಳರಾ?" ಎಂದು ಮಾವ ಕೇಳಿದ್ದಕ್ಕೆ ಒಂದು ಕತೆ ಹೇಳಿದ. ಐಬಿಎಂ ಪಿಸಿಗಳಿಗೆ ಬಂದ ಮೊದಲ ವೈರಸ್ಸಿನ ಹೆಸರು ಬ್ರೈನ್. 1986ರಲ್ಲಿ ಲಾಹೋರಿನ ಅಣ್ಣ ತಮ್ಮ ಇಬ್ಬರು ಬರೆದದ್ದು. ವೈರಸ್ಸಿನ ಒಳಗೆ ಅವರ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಎಲ್ಲ ಇತ್ತು.

"ಮರ್ಯಾದಸ್ಥರು" ಎಂದರು ಮಾವ.

ನನಗೆ ಒಂದು ಸಂಶಯ ಉಳಿದಿತ್ತು. ವಿಂಡೋಸಿನ ಜೊತೆಗೇ ಡಿಫೆಂಡರ್ ಎಂಬ ಆಂಟಿವೈರಸ್ ಬರುತ್ತದಲ್ಲ, ಅದು ಮೊದಲ ದಿನ ಏನು ಮಾಡುತ್ತಿತ್ತು? ಹುಡುಗ ಸೆಟ್ಟಿಂಗ್ ತೆರೆದು ತೋರಿಸಿದ. ಈ ಈ ಜಾಗ ನೋಡಬೇಡ ಎಂದು ಹೇಳಿಡುವ ಪಟ್ಟಿಯಲ್ಲಿ ಸಿ, ಡಿ, ಇ ಮೂರು ಡ್ರೈವ್‌ಗಳೂ ಇದ್ದವು. ಮನೆಯಲ್ಲಿ ಇನ್ನು ಡ್ರೈವ್ ಎಂದರೆ ಕಾರಿನದ್ದು ಮಾತ್ರ. ಮಗನನ್ನು ಕರೆದೆ. ಕಳೆದ ರಜೆಯಲ್ಲಿ ಗೆಳೆಯ ಕೊಟ್ಟ ಯಾವುದೋ ಕದ್ದ ಗೇಮ್ ಹಾಕಲು ಆಂಟಿವೈರಸ್ ಅಡ್ಡ ಬರುತ್ತಿತ್ತಂತೆ. ನಾಯಿ ಸಾಕಿ, ಬಂದವರನ್ನು ನೋಡಬೇಡ ಎಂದು ಗೋಡೆಗೆ ಮುಖ ಮಾಡಿ ಕಟ್ಟಿದ್ದ.

ಆ ಪಟ್ಟಿ ಅಳಿಸಿ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಕೊಟ್ಟ. ಕಂಪ್ಯೂಟರ್ ಆಫ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವ ಕ್ರಮ ಅದು. ಕಳ್ಳನೂ ಎದ್ದಿರುವುದಿಲ್ಲ. ಕಾಲು ಗಂಟೆಯ ಕೆಲಸ. ಆಮೇಲೆ ಇನ್ನೊಬ್ಬರ ಅಭಿಪ್ರಾಯ ಕೇಳುವ ಎಂದು ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯಿಂದಲೂ ನೋಡಿದ. ಅದು ಕರೆದಾಗ ಮಾತ್ರ ಬರುವುದರಿಂದ ಜಗಳವಿಲ್ಲ. ಒಟ್ಟು ಹನ್ನೊಂದು ಸಿಕ್ಕಿ ಕ್ವಾರಂಟೈನ್‌ಗೆ ಹೋದವು. ಕ್ವಾರಂಟೈನ್ ಎಂದರೇನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ ಕೊರೋನಾಕ್ಕೆ ಹೆದರಿ ತಲಪಾಡಿ ಕಡೆಯ ಗಡಿರಸ್ತೆಗಳಿಗೆ ಮಣ್ಣು ಸುರಿದದ್ದನ್ನು ನೋಡಿದವರು ನಾವು.

ಈಗಲಾದರೂ ದುಡ್ಡು ಕೊಟ್ಟು ಒಂದು ಒಳ್ಳೆಯ ಆಂಟಿವೈರಸ್ ತೆಗೆಯುವುದಾ ಎಂದೆ. ಬೇಡ ಅಕ್ಕ ಎಂದ. ಮನೆಯ ಬಳಕೆಗೆ ಡಿಫೆಂಡರ್ ಸಾಕು, ಗೋಡೆಗೆ ಮುಖ ಮಾಡಿ ಕಟ್ಟದಿದ್ದರೆ. ತೆಗೆಯಲೇಬೇಕು ಎಂದಿದ್ದರೆ ಒಂದೇ ತೆಗೆಯಿರಿ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎನ್ನುವವರು ಇವನ್ನೆಲ್ಲ ಪರೀಕ್ಷೆ ಮಾಡಿ ಅಂಕ ಕೊಡುತ್ತಾರೆ, ಅದನ್ನು ನೋಡಿ. ಮೊದಲ ವರ್ಷದ ರೇಟು ನೋಡಿ ಮರುಳಾಗಬೇಡಿ, ಎರಡನೇ ವರ್ಷದ್ದು ಕೇಳಿ. "ಅದಕ್ಕಿಂತ ಜಾಸ್ತಿ ಚಿಂತೆ ಮಾಡಬೇಕಾದ್ದು ವಿಂಡೋಸ್ 10ರದ್ದು. ಅಕ್ಟೋಬರ್ 14ಕ್ಕೆ ಅದರ ಅಪ್ಡೇಟ್ ನಿಲ್ಲುತ್ತದೆ." ನಮ್ಮ ಡಬ್ಬದಲ್ಲಿ ಟಿಪಿಎಂ 2.0 ಎನ್ನುವ ಚಿಪ್ ಇಲ್ಲ, ಹಾಗಾಗಿ ವಿಂಡೋಸ್ 11ಕ್ಕೆ ಪ್ರವೇಶವಿಲ್ಲ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೆಟ್ಟಿಂಗ್ ಸಿಂಕ್ ಮಾಡಿಟ್ಟರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯೂರಿಟಿ ಅಪ್ಡೇಟ್ ಪುಕ್ಕಟೆ. ಅದರ ನಂತರ?

"ಅಡಿಕೆಗೆ ರೇಟು ಬಂದರೆ ಹೊಸದು" ಎಂದರು ಮಾವ. ಆದರೆ ಅವರಿಗೆ ಇನ್ನೊಂದು ಸಂಶಯ. ಈ ಡಿಫೆಂಡರ್ ಈಗ ಎಚ್ಚರ ಇದ್ದಾನೆ ಎಂದು ಗೊತ್ತಾಗುವುದು ಹೇಗೆ?

"ಬೋರ್ಡೋ ಮಾಡಿದ ಮೇಲೆ ಕತ್ತಿ ಅದ್ದಿ ನೋಡುವುದಿಲ್ವಾ ಅಜ್ಜ?"

ಬೋರ್ಡೋ ಎಂದರೆ ಅಡಿಕೆಗೆ ಬಿಡುವ ಮದ್ದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹದ ಬಂದಿದೆಯಾ ಎಂದು ಮಸೆದ ಕತ್ತಿ ಅದ್ದುತ್ತಾರೆ. ಕೆಂಪು ಹಿಡಿದರೆ ಸುಣ್ಣ ಸಾಲದು. ಇದಕ್ಕೂ ಒಂದು ಕತ್ತಿ ಇದೆಯಂತೆ. ಐಕಾರ್ ಎಂದು ಹೆಸರು, 68 ಅಕ್ಷರಗಳ ಒಂದು ಸಾಲು. ಏನೂ ಹಾನಿ ಮಾಡದು, ಆದರೆ ಅದನ್ನು ಕಂಡರೆ ಆಂಟಿವೈರಸ್ ಕೂಗಬೇಕು ಎಂದು ಎಲ್ಲ ಕಂಪನಿಗಳೂ ಒಪ್ಪಿಕೊಂಡಿವೆ. ಹುಲಿವೇಷ ತೋರಿಸಿ ನಾಯಿ ಬೊಗಳುತ್ತದಾ ನೋಡಿದ ಹಾಗೆ. ಹುಡುಗ ಆ ಸಾಲನ್ನು ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಕೊಟ್ಟ. ಡಿಫೆಂಡರ್ ಬೊಗಳಿತು. ಮಾವ ತಲೆ ಆಡಿಸಿ ಎಲೆಗೆ ಸುಣ್ಣ ಹಚ್ಚಿದರು.

ಉಳಿದದ್ದು ಪೆನ್‌ಡ್ರೈವ್. ಅದನ್ನೂ ಸ್ಕ್ಯಾನ್ ಮಾಡಿ, ಶಾರ್ಟ್‌ಕಟ್‌ಗಳನ್ನೆಲ್ಲ ಅಳಿಸಿದಾಗ ಅದು ಖಾಲಿ. ಮಾವನ ಬಾಯಲ್ಲಿ ಎಲೆ ಹಾಗೇ ನಿಂತಿತು. ಹುಡುಗ ಕಪ್ಪು ಕಿಟಕಿ ಒಂದನ್ನು ತೆರೆದು ಆಟ್ರಿಬ್ ಎಂದು ಬರೆದ. ಅದರ ಹಿಂದೆ ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್. ಎಚ್ ಎಂದರೆ ಹಿಡನ್. ಅಡಗಿದ್ದೆಲ್ಲ ಹೊರಗೆ ಬಾ ಎಂದು ಅರ್ಥ. ಎಂಟರ್ ಒತ್ತಿದ.

ತೆಂಕುತಿಟ್ಟು ಬಂತು. ತಾಳಮದ್ದಳೆ ಬಂತು. ಕರ್ಣ ಬಂದ, ಒಂದೂಮುಕ್ಕಾಲು ಜಿಬಿಯ ಪೂರ್ತಿ ಕರ್ಣ. ಎಲ್ಲರ ಕೊನೆಗೆ, ಯಕ್ಷಗಾನದ ಹೆಸರೇ ಇಲ್ಲದ ಒಂದು ಫೋಲ್ಡರ್ ಬಂತು. ಹೆಸರು ನ್ಯೂ ಫೋಲ್ಡರ್ 2.

"ಇದು ಎಂತದು?" ಎಂದು ನಾನೇ ಒತ್ತಿದೆ. ಹಳೆಯ ಮಲಯಾಳ ಸಿನೆಮಾ ಹಾಡುಗಳು. ಒಟ್ಟು 214.

ಹುಡುಗ ತಲೆ ತಗ್ಗಿಸಿ ಅಂಗಿಯ ತುದಿಯಿಂದ ಮೌಸ್ ಒರೆಸತೊಡಗಿದ. ಮಾವ ಕಿಟಕಿಯ ಹೊರಗೆ ಮಳೆ ನೋಡಿದರು.

"ವೈರಸ್ಸೇ ತಂದು ಹಾಕಿರಬೇಕು" ಎಂದರು.

"ಹಾಗಾದರೆ ಡಿಲೀಟ್ ಮಾಡಲಾ?" ಎಂದೆ.

"ಅವಸರ ಎಂತಕ್ಕೆ? ಕ್ವಾರಂಟೈನ್‌ನಲ್ಲಿ ಇರಲಿ. ಹದಿನಾಲ್ಕು ದಿನ ನಾನೇ ನೋಡಿಕೊಳ್ಳುತ್ತೇನೆ."